ಜಾಲಿ ಕಟ್ಟಿಗೆಯ ಕರೆಂಟು, ಕಲ್ಲಿದ್ದಲ ಕರೆಂಟು: ಯಾವುದರ ಹೊಗೆ ಕೆಟ್ಟದ್ದು?

ಪ್ರಶ್ನೆ: ನಮ್ಮದು ಅನಂತಪುರ ಜಿಲ್ಲೆ, ರಾಯದುರ್ಗದ ಕಡೆಯ ಹಳ್ಳಿ. ಮನೆಮಾತು ಕನ್ನಡ. ಊರಿಂದ ಎರಡು ಕಿಲೋಮೀಟರ್ ಆಚೆ ಬಳ್ಳಾರಿ ಜಾಲಿ ಕಟ್ಟಿಗೆ ಉರಿಸಿ 6 ಮೆಗಾವ್ಯಾಟ್ ಕರೆಂಟ್ ಮಾಡುವ ಘಟಕ ಬರುತ್ತದಂತೆ. ಜಮೀನು ಕೇಳಲು ಬಂದವರು, ‘ಇದು ಬಳ್ಳಾರಿ ಬಳಿಯ ಕುಡಿತಿನಿ ಥರ್ಮಲ್ ಸ್ಥಾವರದ ಹಾಗೆ ಕಲ್ಲಿದ್ದಲಲ್ಲ, ಮರ. ನೀವು ಒಲೆಯಲ್ಲಿ ಉರಿಸುವುದನ್ನೇ ನಾವು ಉರಿಸುತ್ತೇವೆ, ಮಾಲಿನ್ಯದ ಮಾತೇ ಇಲ್ಲ’ ಎಂದರು. ನನ್ನ ಮಗಳಿಗೆ ಉಬ್ಬಸ ಇದೆ. ಕಟ್ಟಿಗೆಯ ಹೊಗೆ ಕಲ್ಲಿದ್ದಲ ಹೊಗೆಗಿಂತ ನಿಜವಾಗಿಯೂ ಒಳ್ಳೆಯದೇ? ನಾವು ಅವರನ್ನು ಏನು ಕೇಳಬೇಕು?

ಉತ್ತರ: ‘ಮಾಲಿನ್ಯದ ಮಾತೇ ಇಲ್ಲ’ ಎನ್ನುವುದು ಸುಳ್ಳು. ‘ಒಲೆಯಲ್ಲಿ ಉರಿಸುವುದನ್ನೇ ಉರಿಸುತ್ತೇವೆ’ ಎನ್ನುವುದು ನಿಜ. ಆದರೆ ಅದು ಧೈರ್ಯ ಹೇಳುವ ಮಾತಲ್ಲ. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶ್ವಾಸಕೋಶ ಕೆಡಿಸಿದ್ದು ಆ ಒಲೆಯ ಹೊಗೆಯೇ.

ಅವರ ಮಾತಿನಲ್ಲಿ ಒಪ್ಪಬೇಕಾದ ಭಾಗವೂ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕಲ್ಲಿದ್ದಲಿನಲ್ಲಿ ಗಂಧಕ ಇದೆ, ಪಾದರಸ ಇದೆ, ಬೂದಿಯಂತೂ ವಿಪರೀತ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇ. 30ರಿಂದ 45ರವರೆಗೂ ಬೂದಿಯೇ. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು, ಅದರಲ್ಲಿ ಕಾಲು ಕಿಲೋ ಬೂದಿಯಾಗಿ ಉಳಿಯುತ್ತದೆ. ಬೂದಿಹೊಂಡ ಒಣಗಿದ ಬೇಸಿಗೆಯಲ್ಲಿ ಗಾಳಿ ಬೀಸಿದರೆ ಏನಾಗುತ್ತದೆಂದು ಥರ್ಮಲ್ ಸ್ಥಾವರಗಳ ಪಕ್ಕದ ಹಳ್ಳಿಯವರನ್ನು ಕೇಳಿ. ಜಾಲಿ ಕಟ್ಟಿಗೆಯಲ್ಲಿ ಬೂದಿ ನೂರಕ್ಕೆ ಒಂದೋ ಎರಡೋ. ಗಂಧಕದ ಲೆಕ್ಕವೂ ಹೀಗೆಯೇ. ಕಲ್ಲಿದ್ದಲಿನಲ್ಲಿ ಶೇ. 0.5 ಗಂಧಕ ಎಂದು ಹಿಡಿದರೆ ಯೂನಿಟ್ಟಿಗೆ ಸುಮಾರು 7 ಗ್ರಾಂ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಕಟ್ಟಿಗೆಯಲ್ಲಿ ಅದು ಒಂದು ಗ್ರಾಂ ಒಳಗೇ. ಈ ಅನಿಲ ಗಾಳಿಯಲ್ಲಿ ಸಾಗುತ್ತಾ ಸಾಗುತ್ತಾ ಸಲ್ಫೇಟ್ ಎಂಬ ಸೂಕ್ಷ್ಮ ಕಣವಾಗಿ, ನೂರಾರು ಕಿಲೋಮೀಟರ್ ದೂರದವರ ಎದೆಗೂ ಇಳಿಯುತ್ತದೆ. ಅದನ್ನು ಚಿಮಣಿಯ ಬುಡದಲ್ಲೇ ತಡೆಯುವ ಯಂತ್ರ ಕಡ್ಡಾಯವಾಗುವಂಥ ಮಿತಿಗಳನ್ನು 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ತಂದಿತು. ಗಡುವು ಮುಂದೆ ಮುಂದೆ ಹೋಗಿ, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟರು. ಇದು ತಪ್ಪು ನಿರ್ಧಾರ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಮುಂದೆ ನಾನು ಬರೆಯುವುದನ್ನು ಕಲ್ಲಿದ್ದಲಿನ ವಕಾಲತ್ತು ಎಂದು ಓದಬೇಡಿ.

ಈಗ ನಿಮ್ಮ ಊರಿನ ವಿಷಯ. ಹೊಗೆಯ ಹೋಲಿಕೆ ಮಾಡುವಾಗ ‘ಏನನ್ನು ಉರಿಸುತ್ತಾರೆ’ ಎನ್ನುವುದಕ್ಕಿಂತ ‘ಎಷ್ಟು ದೊಡ್ಡ, ಎಂಥ ಬಾಯ್ಲರಿನಲ್ಲಿ ಉರಿಸುತ್ತಾರೆ, ಬಾಯ್ಲರಿಗೂ ಚಿಮಣಿಗೂ ನಡುವೆ ಏನಿದೆ’ ಎಂಬುದೇ ಮುಖ್ಯ. ಸಣ್ಣ ಕಟ್ಟಿಗೆ ಘಟಕ ಸೋಲುವುದು ಇಲ್ಲೇ.

ಒಂದು ಯೂನಿಟ್ ಕರೆಂಟಿಗೆ ಎಷ್ಟು ಶಾಖ ಬೇಕು ನೋಡಿ. ಕುಡಿತಿನಿಯಲ್ಲಿರುವಂಥ 500 ಮೆಗಾವ್ಯಾಟಿನ ಒಂದು ಕಲ್ಲಿದ್ದಲ ಘಟಕಕ್ಕೆ ಹೆಚ್ಚುಕಡಿಮೆ 2,400 ಕಿಲೋ ಕ್ಯಾಲೊರಿ. ಸಣ್ಣ ಬಯೋಮಾಸ್ (ಕಟ್ಟಿಗೆ, ಹೊಟ್ಟು, ಸಿಪ್ಪೆಯಂಥ ಇಂಧನದ) ಘಟಕಗಳಿಗೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ದರ ಕಟ್ಟುವಾಗ ಹಿಡಿದದ್ದು 4,200 ಕಿಲೋ ಕ್ಯಾಲೊರಿ. ಅಂದರೆ ಉರಿದ ಶಾಖದಲ್ಲಿ ಐದರಲ್ಲೊಂದು ಪಾಲು ಮಾತ್ರ ಕರೆಂಟಾಗುತ್ತದೆ, ಉಳಿದದ್ದೆಲ್ಲ ಚಿಮಣಿಗೂ ಕೂಲಿಂಗ್ ಟವರಿಗೂ ಹೋಗುತ್ತದೆ. ಅದೇ ಆಯೋಗ ಬಯೋಮಾಸಿನ ಶಾಖವನ್ನು ಕಿಲೋಗೆ 3,100 ಎಂದು ಹಿಡಿದಿತ್ತು. ಆ ಲೆಕ್ಕದಲ್ಲಿ ಯೂನಿಟ್ಟಿಗೆ 1.35 ಕಿಲೋ ಕಟ್ಟಿಗೆ ಬೇಕು. ನಿಮ್ಮೂರ 6 ಮೆಗಾವ್ಯಾಟಿಗೆ ಗಂಟೆಗೆ 8 ಟನ್, ದಿನಕ್ಕೆ ಸುಮಾರು 195 ಟನ್. ಹತ್ತು ಟನ್ ಹಿಡಿಸುವ ಲಾರಿ ದಿನಾ ಇಪ್ಪತ್ತು ಸಲ ತುಂಬಿ ಬರಬೇಕು, ಅಷ್ಟೇ ಸಲ ಖಾಲಿ ಹೋಗಬೇಕು. ಆ ರಸ್ತೆ ಶಾಲೆಯ ಮುಂದೆ ಹಾದುಹೋಗುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ, ಏಕೆಂದರೆ ಡೀಸೆಲ್ ಹೊಗೆ, ರಸ್ತೆಯ ಧೂಳು ಯಾವ ಚಿಮಣಿಯ ಲೆಕ್ಕಕ್ಕೂ ಬರುವುದಿಲ್ಲ.

ಹೆಚ್ಚು ಉರಿಸಿದರೆ ಹೊಗೆಯ ಗಾತ್ರವೂ ಹೆಚ್ಚು. ಯೂನಿಟ್ಟಿಗೆ ಕಲ್ಲಿದ್ದಲಿನಲ್ಲಿ ಸುಮಾರು 4 ಘನ ಮೀಟರ್ ಹೊಗೆಯಾದರೆ, ಸಣ್ಣ ಕಟ್ಟಿಗೆ ಬಾಯ್ಲರಿನಲ್ಲಿ 7ರ ಆಸುಪಾಸು. ಇದಕ್ಕೆ ಕಾನೂನಿನ ಮಿತಿ ಸೇರಿಸಿ ನೋಡಿ. 2004ರಿಂದ 2016ರ ನಡುವೆ ಕಟ್ಟಿದ ಕಲ್ಲಿದ್ದಲ ಸ್ಥಾವರ ಘನ ಮೀಟರಿಗೆ 50 ಮಿಲಿಗ್ರಾಂ ಕಣ ಬಿಡಬಹುದು, ಅದಕ್ಕೂ ಹೊಸದಾದರೆ 30. ಗಂಟೆಗೆ 15 ಟನ್‌ಗಿಂತ ಹೆಚ್ಚು ಹಬೆ ಕೊಡುವ ಸಾಮಾನ್ಯ ಬಾಯ್ಲರಿಗೆ ಇರುವ ಮಿತಿ 150. ಇಬ್ಬರೂ ಕಾನೂನಿನೊಳಗೇ ಇದ್ದಾರೆ ಎಂದುಕೊಳ್ಳೋಣ. ಆಗಲೂ ಕಲ್ಲಿದ್ದಲ ಕರೆಂಟಿನ ಯೂನಿಟ್ಟಿಗೆ 200 ಮಿಲಿಗ್ರಾಂ ಕಣ, ಕಟ್ಟಿಗೆ ಕರೆಂಟಿನ ಯೂನಿಟ್ಟಿಗೆ 1,050. ಐದು ಪಟ್ಟು! ಮರ ಎಂದ ಮಾತ್ರಕ್ಕೆ ಶುದ್ಧ ಎನ್ನುವವರ ಮುಂದೆ ಈ ಲೆಕ್ಕ ಇಡಿ.

‘ಕುಡಿತಿನಿ 1,700 ಮೆಗಾವ್ಯಾಟ್, ನಮ್ಮದು ಬರೀ ಆರು’ ಎಂದು ಅವರು ಹೇಳಬಹುದು. ಅದೂ ಸರಿ. ಮೇಲಿನ ಲೆಕ್ಕದಲ್ಲೇ ಕುಡಿತಿನಿ ಪೂರ್ತಿ ಓಡಿದರೆ ಗಂಟೆಗೆ 340 ಕಿಲೋ ಕಣ, ನಿಮ್ಮೂರಿನದು 6 ಕಿಲೋ ಚಿಲ್ಲರೆ. ಜಿಲ್ಲೆಯ ಗಾಳಿಗೆ, ರಾಜ್ಯದ ಗಾಳಿಗೆ ದೊಡ್ಡ ಪೆಟ್ಟು ಕಲ್ಲಿದ್ದಲಿನದೇ. ನಿಮ್ಮ ಅಂಗಳದ ಗಾಳಿಯ ಲೆಕ್ಕ ಬೇರೆ, ಅದು ಚಿಮಣಿಯ ಎತ್ತರಕ್ಕೆ ಕಟ್ಟುಬಿದ್ದಿದೆ.

500 ಮೆಗಾವ್ಯಾಟ್ ಮತ್ತು ಮೇಲ್ಪಟ್ಟ ಘಟಕಗಳಿಗೆ ಚಿಮಣಿ 275 ಮೀಟರ್ ಇರಬೇಕೆಂಬುದು ನಮ್ಮಲ್ಲಿ ನಡೆದುಬಂದ ನಿಯಮ. ಹೊಗೆ ಅಷ್ಟು ಮೇಲಿಂದ ಬಿಟ್ಟರೆ ದೂರ ಹೋಗಿ, ತೆಳುವಾಗಿ ಇಳಿಯುತ್ತದೆ. ಸಣ್ಣ ಬಾಯ್ಲರುಗಳಿಗೆ ಒಂದು ಸೂತ್ರ ಇದೆ: ಗಂಟೆಗೆ ಎಷ್ಟು ಕಿಲೋ ಸಲ್ಫರ್ ಡೈಆಕ್ಸೈಡ್ ಬರುತ್ತದೆ ಎಂಬುದರ ಮೇಲೆ ಎತ್ತರ ಲೆಕ್ಕ ಹಾಕುವುದು, ಎಷ್ಟೇ ಕಡಿಮೆ ಬಂದರೂ 30 ಮೀಟರ್ ಇರಲೇಬೇಕು. ಕಟ್ಟಿಗೆಯಲ್ಲಿ ಗಂಧಕ ಕಡಿಮೆ. ಆದ್ದರಿಂದ 6 ಮೆಗಾವ್ಯಾಟಿನ ಘಟಕಕ್ಕೆ ಈ ಸೂತ್ರದಲ್ಲಿ 30 ಮೀಟರಿಗಿಂತ ಹೆಚ್ಚು ಬರುವುದೇ ಇಲ್ಲ. ಗಂಧಕ ಕಡಿಮೆ ಇರುವುದು ಕಟ್ಟಿಗೆಯ ಒಳ್ಳೆಯ ಗುಣ. ಆ ಗುಣವೇ ಚಿಮಣಿಯನ್ನು ಗಿಡ್ಡ ಮಾಡಿ, ಅದರ ಕೆಟ್ಟ ಗುಣವಾದ ಸೂಕ್ಷ್ಮ ಕಣವನ್ನು ಊರಿನ ಮೇಲೆ ಇಳಿಸುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿ ಜೋರಾಗಿ ಬೀಸುವಾಗ ತೊಂದರೆ ಅಷ್ಟು ಗೊತ್ತಾಗದು. ನವೆಂಬರಿನಿಂದ ಫೆಬ್ರುವರಿವರೆಗೆ, ಗಾಳಿ ಬಿದ್ದ ರಾತ್ರಿಗಳಲ್ಲಿ, ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳದೆ ನಿಂತುಬಿಡುತ್ತದೆ. ಆಗ ಗಿಡ್ಡ ಚಿಮಣಿಯ ಹೊಗೆ ಊರಿನ ಮೇಲೆಯೇ ಹರಡಿ, ಬೆಳಗ್ಗೆ ಎಂಟೊಂಬತ್ತರವರೆಗೂ ಅಲ್ಲೇ ಇರುತ್ತದೆ. ಉಬ್ಬಸದವರಿಗೆ ಹೇಗೂ ಕಷ್ಟವಾದ ಹೊತ್ತು ಅದು.

ಇನ್ನು ಕಣದ ಗುಣ. ಹಗರಿ ಹೊಳೆಯ ಮರಳು ಎದ್ದು ಬೊಮ್ಮನಹಾಳ್, ಕಣೇಕಲ್ ಕಡೆಯ ಹೊಲ ಮುಚ್ಚುವುದನ್ನು ಕಂಡವರು ನೀವು. ಆ ಧೂಳು ದಪ್ಪ. ಕಣ್ಣಿಗೆ ಬೀಳುತ್ತದೆ, ಮೂಗಿನಲ್ಲೇ ಬಹುಪಾಲು ನಿಲ್ಲುತ್ತದೆ. ಕಟ್ಟಿಗೆ ಹೊಗೆಯ ಕಣ ಬಹುಪಾಲು ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ) ಸಣ್ಣದು. ಮರದಲ್ಲಿರುವ ಪೊಟ್ಯಾಷಿಯಂ, ಕ್ಲೋರಿನ್ ಉರಿಯಲ್ಲಿ ಆವಿಯಾಗಿ, ಮುಂದೆ ತಣ್ಣಗಾದಾಗ ಅತಿಸೂಕ್ಷ್ಮ ಉಪ್ಪಿನ ಕಣವಾಗುತ್ತವೆ. ಪೂರ್ತಿ ಉರಿಯದ ಮಸಿ, ಡಾಂಬರಿನಂಥ ಅಂಟು, ಬೆಂಜೀನ್, ಫಾರ್ಮಾಲ್ಡಿಹೈಡ್ ಇವೆಲ್ಲ ಅದರ ಜೊತೆಗೆ. ಪುಡಿ ಮಾಡಿದ ಕಲ್ಲಿದ್ದಲು ದೊಡ್ಡ ಕುಲುಮೆಯಲ್ಲಿ 1,300 ಡಿಗ್ರಿಗೂ ಮೇಲೆ, ಗಾಳಿಯಲ್ಲಿ ತೇಲುತ್ತಲೇ ಉರಿದುಹೋಗುತ್ತದೆ. ಆದ್ದರಿಂದ ಅದರಲ್ಲಿ ಅರೆಬರೆ ಉರಿದ ಅನಿಲ ಕಡಿಮೆ. ಸಣ್ಣ ಬಾಯ್ಲರಿನ ಜಾಲರಿಯ ಮೇಲೆ ಕಟ್ಟಿಗೆ ಚೂರು ರಾಶಿ ಬಿದ್ದು ಉರಿಯುವಾಗ ಒಂದು ಕಡೆ ಗಾಳಿ ಹೆಚ್ಚು, ಇನ್ನೊಂದು ಕಡೆ ಸಾಲದು. ಅಮೆರಿಕದ ಪರಿಸರ ಸಂಸ್ಥೆಯ ಕೋಷ್ಟಕಗಳನ್ನು ಹಿಡಿದು ಲೆಕ್ಕ ಹಾಕಿದರೆ ಕಾರ್ಬನ್ ಮೊನಾಕ್ಸೈಡ್ ಯೂನಿಟ್ಟಿಗೆ ಕಲ್ಲಿದ್ದಲಿನ ಇಪ್ಪತ್ತು ಪಟ್ಟಿಗೂ ಮೀರಿ ಬರುತ್ತದೆ.

ಚಿಮಣಿಯ ಪರೀಕ್ಷೆ ಹೇಗೆ ಮಾಡುತ್ತಾರೆಂದು ಗೊತ್ತಿದ್ದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಚಿಮಣಿಯ ಅರ್ಧ ಎತ್ತರದಲ್ಲಿ ಒಂದು ತೂತು ಇರುತ್ತದೆ, ಸುತ್ತ ಕಬ್ಬಿಣದ ಅಟ್ಟಣಿಗೆ. ಆ ತೂತಿನೊಳಗೆ ಉದ್ದ ಕೊಳವೆ ತೂರಿಸಿ, ಒಳಗಿನ ಹೊಗೆಯ ವೇಗದಲ್ಲೇ ಹೊಗೆ ಎಳೆದು, ಬೆರಳಿನ ಗಾತ್ರದ ಬಿಳಿ ಫಿಲ್ಟರಿನ ಮೂಲಕ ಹಾಯಿಸುತ್ತಾರೆ. ಫಿಲ್ಟರನ್ನು ಮೊದಲೂ ಆಮೇಲೂ ತೂಗಿದರೆ ಕಣದ ಲೆಕ್ಕ ಸಿಗುತ್ತದೆ. ಕಲ್ಲಿದ್ದಲ ಚಿಮಣಿಯ ಫಿಲ್ಟರ್ ಸಿಮೆಂಟಿನಂತೆ ಬೂದು, ಒಣಒಣ. ಹಸಿ ಕಟ್ಟಿಗೆಯ ಬಾಯ್ಲರಿನದ್ದು ಕಂದುಗಪ್ಪು, ಕೈಗೆ ಅಂಟುತ್ತದೆ, ಘಾಟು ಮೂಗಿಗೆ ಹೊಡೆಯುತ್ತದೆ. ಆ ಅಂಟಿನ ದೊಡ್ಡ ಭಾಗ ಬಿಸಿ ಚಿಮಣಿಯಲ್ಲಿ ಇನ್ನೂ ಆವಿಯಾಗಿಯೇ ಇರುವುದರಿಂದ ಫಿಲ್ಟರಿಗೆ ಸಿಗದೆ ದಾಟಿಹೋಗುತ್ತದೆ, ಹೊರಗಿನ ತಂಪು ಗಾಳಿಗೆ ಬಂದಾಗ ಕಣವಾಗುತ್ತದೆ. ರಿಪೋರ್ಟಿನಲ್ಲಿ 120 ಮಿಲಿಗ್ರಾಂ ಎಂದು ಬರೆದಿದ್ದರೂ ಊರಿನವರು ಉಸಿರಾಡುವುದು ಅದಕ್ಕಿಂತ ಹೆಚ್ಚು.

ಇದನ್ನೆಲ್ಲ ತಡೆಯಲು ಆಗದೇ? ಖಂಡಿತ ಆಗುತ್ತದೆ. ನಾನು ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕೇ. ಸಣ್ಣ ಘಟಕದವರು ಖರ್ಚು ಉಳಿಸಲು ಮಲ್ಟಿ ಸೈಕ್ಲೋನ್ ಒಂದನ್ನೇ ಹಾಕಿ ಕೈತೊಳೆದುಕೊಳ್ಳುವುದುಂಟು. ಅದು ಹೊಗೆಯನ್ನು ಸುತ್ತಿಸಿ ದಪ್ಪ ಬೂದಿಯನ್ನು ಕೆಳಗೆ ಬೀಳಿಸುತ್ತದೆ. ಹತ್ತು ಮೈಕ್ರಾನಿನ ಕಣ ಚೆನ್ನಾಗಿ ಸಿಗುತ್ತದೆ, ಒಂದು ಮೈಕ್ರಾನಿನದು ಹೆಚ್ಚುಕಡಿಮೆ ಪೂರ್ತಿ ತಪ್ಪಿಸಿಕೊಳ್ಳುತ್ತದೆ. ನಿಮ್ಮ ಮಗಳಿಗೆ ಬೇಡವಾದದ್ದು ಆ ಎರಡನೆಯದೇ. ಬೇಕಾದದ್ದು ಇಎಸ್‌ಪಿ, ಅಂದರೆ ಕಣಗಳಿಗೆ ವಿದ್ಯುತ್ ತಾಗಿಸಿ ತಗಡಿಗೆ ಅಂಟಿಸಿಕೊಳ್ಳುವ ಯಂತ್ರ. ಇಲ್ಲವೇ ಬ್ಯಾಗ್ ಫಿಲ್ಟರ್, ಅಂದರೆ ಬಟ್ಟೆಯ ಉದ್ದ ಚೀಲಗಳ ಸಾಲು. ಕಟ್ಟಿಗೆಯ ಕಿಡಿ ಹಾರಿ ಚೀಲಕ್ಕೆ ಬೆಂಕಿ ಹತ್ತುವ ಅಪಾಯ ಇರುವುದರಿಂದ ಮೊದಲು ಸೈಕ್ಲೋನ್, ಅದರ ಆಚೆ ಇಎಸ್‌ಪಿ ಇಡುವುದು ಒಳ್ಳೆಯದು. ಹೀಗೆ ಮಾಡಿದ ಕಟ್ಟಿಗೆ ಘಟಕ 50 ಮಿಲಿಗ್ರಾಂ ಒಳಗೆ ಇರಬಲ್ಲದು. ದುಡ್ಡು ಬೇಕು, ಅಷ್ಟೇ.

ಆಮೇಲೆ ಕಟ್ಟಿಗೆಯ ಹಸಿ. ಆಗತಾನೆ ಕಡಿದ ಜಾಲಿಯಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಅದರ ಒಂದು ಕಿಲೋದಿಂದ ಸಿಗುವ ಶಾಖ 2,000 ಕಿಲೋ ಕ್ಯಾಲೊರಿ ದಾಟುವುದು ಕಷ್ಟ, ಒಣಗಿಸಿದರೆ 3,600ರವರೆಗೆ ಸಿಗುತ್ತದೆ. ನೀರು ಆವಿಯಾಗುವಾಗ ಕುಲುಮೆಯನ್ನು ತಣಿಸುತ್ತದೆ, ತಣಿದ ಕುಲುಮೆಯಲ್ಲಿ ಮಸಿ, ಅಂಟು, ಮೊನಾಕ್ಸೈಡ್ ಮೂರೂ ಏರುತ್ತವೆ. ನಿಮ್ಮ ಬಿಸಿಲಿನಲ್ಲಿ ಸೀಳಿದ ಜಾಲಿ ಬೇಸಿಗೆಯಲ್ಲಿ ಒಂದೆರಡು ತಿಂಗಳಿಗೆ ಚೆನ್ನಾಗಿ ಒಣಗುತ್ತದೆ. ಆದರೆ ಎರಡು ತಿಂಗಳ ಕಟ್ಟಿಗೆ ಎಂದರೆ ಹತ್ತು ಸಾವಿರ ಟನ್ನಿಗೂ ಹೆಚ್ಚು. ಅಷ್ಟು ಇಡಲು ಜಾಗ, ಮಳೆಗೆ ಛಾವಣಿ ನಕ್ಷೆಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಲಾರಿಯಿಂದ ಇಳಿದ ಹಸಿ ಕಟ್ಟಿಗೆ ನೇರ ಚಿಪ್ಪರಿಗೆ (ಚೂರು ಮಾಡುವ ಯಂತ್ರಕ್ಕೆ), ಅಲ್ಲಿಂದ ಬಾಯ್ಲರಿಗೆ ಹೋಗುತ್ತದೆ ಎಂದೇ ಅರ್ಥ.

ಬಾಯ್ಲರ್ ಹೊತ್ತಿಸುವ ಹೊತ್ತಿನ ಮಾತೂ ಇದೆ. ತಣ್ಣನೆಯ ಬಾಯ್ಲರ್ ಬಿಸಿಯಾಗುವ ಮೊದಲ ಕೆಲವು ಗಂಟೆ ಹೊಗೆ ಅತಿ ಕೆಟ್ಟದ್ದು. ಉರಿಯದ ಅನಿಲಕ್ಕೆ ಕಿಡಿ ತಾಗಿ ಸ್ಫೋಟವಾದೀತೆಂಬ ಭಯಕ್ಕೆ ಇಎಸ್‌ಪಿಯನ್ನೂ ಆಗ ಆನ್ ಮಾಡುವುದಿಲ್ಲ. ದೊಡ್ಡ ಸ್ಥಾವರ ತಿಂಗಳುಗಟ್ಟಲೆ ನಿಲ್ಲದೆ ಓಡಬಹುದು. ಸಣ್ಣದು ಕಟ್ಟಿಗೆ ಸಾಲದೆ, ಕರೆಂಟ್ ಕೊಳ್ಳುವವರು ಬೇಡವೆಂದು, ಪದೇ ಪದೇ ನಿಂತು ಹೊತ್ತಿಕೊಳ್ಳುತ್ತದೆ. ವರ್ಷಕ್ಕೆ ಒಂದೆರಡು ಸಲ ಮಾಡುವ ಚಿಮಣಿ ಪರೀಕ್ಷೆ ನಡೆಯುವುದು ಎಲ್ಲ ಸರಿಯಾಗಿ ಓಡುವ ದಿನವೇ, ಹೊತ್ತಿಸುವ ಹೊಗೆ ಯಾವ ರಿಪೋರ್ಟಿಗೂ ಬರುವುದಿಲ್ಲ.

ಕಟ್ಟಿಗೆ ಎಲ್ಲಿಂದ ಬರುತ್ತದೆ? ಶೇ. 80 ಸಾಮರ್ಥ್ಯದಲ್ಲಿ ಓಡಿದರೆ ವರ್ಷಕ್ಕೆ ಸುಮಾರು 57,000 ಟನ್ ಬೇಕು. ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಜಾಲಿ ಬೆಳೆಯುತ್ತದೆಂದು ಹಿಡಿದರೂ 11,000 ಹೆಕ್ಟೇರಿಗೂ ಮಿಕ್ಕಿ ಜಾಲಿಯ ಕಾಡು ಬೇಕಾಯಿತು. ಮೊದಲ ವರ್ಷಗಳಲ್ಲಿ ಕೆರೆ ಅಂಗಳದ ಜಾಲಿ ಸಿಗುತ್ತದೆ, ರೈತರಿಗೂ ನಾಲ್ಕು ಕಾಸು ಸಿಗುತ್ತದೆ, ಅದರಲ್ಲಿ ಕೆಟ್ಟದ್ದೇನಿಲ್ಲ. ಆಮೇಲೆ ಬೇವು, ಹುಣಸೆ, ಹೊಂಗೆಗೆ ಕೊಡಲಿ ಬೀಳದಂತೆ ನೋಡಿಕೊಳ್ಳಬೇಕು. ಬುಡದಿಂದ ಕಡಿದರೂ ಜಾಲಿ ಮತ್ತೆ ಚಿಗುರಿ ನಾಲ್ಕೈದು ವರ್ಷದಲ್ಲಿ ಕಟಾವಿಗೆ ಬರುತ್ತದೆ. ಹಾಗಾಗಿ ಉರಿಸಿದ ಇಂಗಾಲ ಬೇಗ ಮರಕ್ಕೆ ಮರಳುತ್ತದೆ ಎನ್ನುವ ವಾದಕ್ಕೆ ಜಾಲಿಯ ಮಟ್ಟಿಗೆ ಬಲವಿದೆ, ಐವತ್ತು ವರ್ಷದ ಹುಣಸೆಮರಕ್ಕೆ ಇಲ್ಲ. ಯಾವ ಮರವಾದರೂ ಚಿಮಣಿಯ ಬಾಯಿಯಲ್ಲಿ ಬರುವ ಇಂಗಾಲ ಮಾತ್ರ ಯೂನಿಟ್ಟಿಗೆ ಕಲ್ಲಿದ್ದಲಿನ ಸುಮಾರು ಎರಡರಷ್ಟು. ಕಟ್ಟಿಗೆ ಸಾಲದಾದಾಗ ಶೇಂಗಾ ಸಿಪ್ಪೆ, ಸಿರುಗುಪ್ಪ ಕಡೆಯ ಅಕ್ಕಿ ಗಿರಣಿಯ ಹೊಟ್ಟು ಬರುತ್ತದೆ. ಹೊಟ್ಟಿನಲ್ಲಿ ಬೂದಿ ಶೇ. 18–20, ಅದರಲ್ಲಿ ಬಹುಪಾಲು ಸಿಲಿಕಾ. ಜಾಲಿಗೆಂದು ಲೆಕ್ಕ ಹಾಕಿದ ಯಂತ್ರ ಅದನ್ನು ತಾಳುವುದಿಲ್ಲ.

ಇನ್ನೊಂದು ಹೋಲಿಕೆಯಲ್ಲೂ ಕಟ್ಟಿಗೆ ಘಟಕ ಗೆಲ್ಲುತ್ತದೆ. ಅದೇ ಜಾಲಿಯನ್ನು ಇದ್ದಿಲು ಭಟ್ಟಿಯಲ್ಲಿ ಮಣ್ಣು ಮುಚ್ಚಿ ಸುಡುವುದಕ್ಕಿಂತ, ಹೊಲದಲ್ಲಿ ಕಸಕಡ್ಡಿಗೆ ಬೆಂಕಿ ಇಡುವುದಕ್ಕಿಂತ, ಎಂಥ ಬಾಯ್ಲರ್ ಆದರೂ ವಾಸಿ. ಇನ್ನೂ ಒಳ್ಳೆಯ ದಾರಿ ಇದೆ. ಕಲ್ಲಿದ್ದಲ ಸ್ಥಾವರಗಳು ಮೊದಲಿಗೆ ಶೇ. 5ರಷ್ಟು ಬಯೋಮಾಸ್ ಬೆರೆಸಿ ಉರಿಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರಲ್ಲಿ ನೀತಿ ತಂದಿತು. ಜಾಲಿ, ಸಿಪ್ಪೆಯನ್ನು ಒಣಗಿಸಿ, ಒತ್ತಿ, ಪೆಲೆಟ್ ಎಂಬ ಗುಳಿಗೆ ಮಾಡಿ ದೊಡ್ಡ ಸ್ಥಾವರಕ್ಕೆ ಕಳಿಸಿದರೆ ಒಳ್ಳೆಯ ಇಎಸ್‌ಪಿ, ಎತ್ತರದ ಚಿಮಣಿ, ಎರಡರಷ್ಟಕ್ಕೆ ಹತ್ತಿರದ ದಕ್ಷತೆ ಎಲ್ಲ ಸಿಗುತ್ತದೆ, ಅಷ್ಟು ಕಲ್ಲಿದ್ದಲೂ ಉಳಿಯುತ್ತದೆ. ನಿಮ್ಮೂರಿಗೆ ಕರೆಂಟ್ ಘಟಕದ ಬದಲು ಪೆಲೆಟ್ ಘಟಕ ತನ್ನಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ರೈತರ ಕಟ್ಟಿಗೆಗೆ ಬೆಲೆ ಅಲ್ಲೂ ಬರುತ್ತದೆ.

ಏನು ಕೇಳಬೇಕು ಎಂದಿರಿ. 15 ಮೆಗಾವ್ಯಾಟ್‌ವರೆಗಿನ ಬಯೋಮಾಸ್ ಘಟಕಕ್ಕೆ ಕೇಂದ್ರದ ಪರಿಸರ ಅನುಮತಿ ಬೇಕಿಲ್ಲ, ಆದ್ದರಿಂದ ಆ ಅನುಮತಿಗೆ ಮುಂಚಿನ ಸಾರ್ವಜನಿಕ ವಿಚಾರಣೆಯೂ ನಡೆಯುವುದಿಲ್ಲ. ಯಾರಾದರೂ ಬಂದು ಕೇಳುತ್ತಾರೆ ಎಂದು ಕಾಯುತ್ತಾ ಕೂರಬೇಡಿ. ಆದರೆ 1981ರ ವಾಯು ಕಾಯ್ದೆಯ ಪ್ರಕಾರ ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟುವ ಮುಂಚೆ ಒಂದು, ಓಡಿಸುವ ಮುಂಚೆ ಇನ್ನೊಂದು ಸಮ್ಮತಿ ಪತ್ರ ಬೇಕೇ ಬೇಕು. ಆಟವೆಲ್ಲ ಇರುವುದು ಅದರ ಷರತ್ತಿನಲ್ಲಿ. ಮೊದಲನೆಯ ಪತ್ರ ಹೊರಬೀಳುವ ಮುಂಚೆಯೇ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಮಂಡಳಿಗೆ ಬರೆಯಿರಿ. ತೆಲುಗಿನಲ್ಲಿ ಬರೆಸಿದರೆ ಬೇಗ ಸಾಗುತ್ತದೆ, ಊರಿನ ಮೇಷ್ಟ್ರು ಯಾರಾದರೂ ನೆರವಾದಾರು. ಇಎಸ್‌ಪಿ ಕಡ್ಡಾಯ, ಕಣದ ಮಿತಿ 150 ಅಲ್ಲ 50, ಚಿಮಣಿ ಸೂತ್ರಕ್ಕಿಂತ ಎತ್ತರ, ಕಟ್ಟಿಗೆಯ ಹಸಿ ಶೇ. 20 ದಾಟಬಾರದು, ಚಿಮಣಿಗೆ ಆನ್‌ಲೈನ್ ಮೀಟರ್, ಬಾಯ್ಲರ್ ಹೊತ್ತಿಸಿದ ದಿನಗಳ ದಾಖಲೆ, ಇಂಧನದ ಪಟ್ಟಿಯಲ್ಲಿ ಕಲ್ಲಿದ್ದಲಿಗೆ ಜಾಗ ಕೊಡಬಾರದು: ಇಷ್ಟನ್ನು ಕೇಳಿ. ಕೊನೆಯದನ್ನು ಬಿಡಬೇಡಿ. ಬಯೋಮಾಸ್ ಎಂಬ ಹೆಸರಿನಡಿ ಶೇ. 15ರವರೆಗೆ ಕಲ್ಲಿದ್ದಲು, ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಉರಿಸಲು ಪರಿಸರ ಅನುಮತಿಯ ಆ ವಿನಾಯಿತಿಯಲ್ಲೇ ಅವಕಾಶ ಇದೆ. ಸಮ್ಮತಿ ಪತ್ರದ ನಕಲು ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಮಗಳ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು, ಇನ್‌ಹೇಲರನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಮನೆಯಲ್ಲಿ ಕಟ್ಟಿಗೆ ಒಲೆ, ನೀರು ಕಾಯಿಸುವ ಹಂಡೆ ಒಲೆ ಇದ್ದರೆ ಅದನ್ನು ಅವಳು ಮಲಗುವ ಕಡೆಯಿಂದ ದೂರ ಮಾಡುವುದು ಇವತ್ತೇ ಆಗಬೇಕಾದ ಕೆಲಸ. ಚಳಿಗಾಲದ ಬೆಳಗಿನ ಜಾವ ಹೊಗೆ ಕವಿದಿದ್ದರೆ ಆ ಹೊತ್ತು ಕಿಟಕಿ ಮುಚ್ಚಿ, ಹೊರಗೆ ಕಳಿಸುವುದಾದರೆ ಎನ್-95 ಮಾಸ್ಕ್ ಹಾಕಿ. ಬಟ್ಟೆಯ ಮಾಸ್ಕಿಗೆ ಈ ಕಣ ನಿಲ್ಲುವುದಿಲ್ಲ.

ಘಟಕ ಬರುವ ಮುಂಚೆ ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ. ಪಿಎಂ 2.5, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣ, ಎಷ್ಟಿದೆಯೆಂದು ತೋರಿಸುವ ಸಣ್ಣ ಮೀಟರ್ ಕೆಲವು ಸಾವಿರಕ್ಕೆ ಸಿಗುತ್ತದೆ. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಒಂದನ್ನು ನೆರಳಿಗೆ ಇಟ್ಟು, ದಿನಾ ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ಬರೆದಿಡಿ. ನಮ್ಮ ದೇಶದ ಮಿತಿ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವರ್ಷದ್ದು 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 5. ಅಂಥ ಮೀಟರಿನ ಅಂಕಿಯನ್ನು ಮಂಡಳಿ ಸಾಕ್ಷಿ ಎಂದು ಒಪ್ಪದಿರಬಹುದು. ಆದರೆ ಘಟಕ ಬರುವ ಮುಂಚಿನ ಒಂದು ಚಳಿಗಾಲದ ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲಿ ಇದ್ದರೆ, ‘ನಿಮ್ಮೂರಲ್ಲಿ ಮೊದಲಿಂದಲೂ ಹೀಗೇ ಧೂಳು’ ಎಂಬ ಉತ್ತರ ನಡೆಯುವುದಿಲ್ಲ, ಅಧಿಕೃತ ಅಳತೆಗೆ ಒತ್ತಾಯಿಸಲು ನಿಮಗೆ ಆಧಾರ ಸಿಗುತ್ತದೆ. ಅಕ್ಟೋಬರ್ ಮುಗಿಯುವುದರೊಳಗೆ ಶುರು ಮಾಡಿ.